ನಾರುಹುಣ್ಣಿನ ಕಾಲು ಮತ್ತು ನಮ್ಮ ಮಡಿ

2020ರ ಬೇಸಿಗೆಯಲ್ಲಿ ಹುಟ್ಟಿದ ಒಂದು ಮಾತು ಇನ್ನೂ ಸತ್ತಿಲ್ಲ. ಸಿಂಧನೂರಿನ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಅದನ್ನು ಕೇಳಿದ್ದೇನೆ, ಲಿಂಗಸುಗೂರಿನಲ್ಲಿ ಬಳಗದವರ ಕುಬಸದ ಊಟದಲ್ಲಿ ಕೇಳಿದ್ದೇನೆ, ಮಸ್ಕಿಯ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಣ್ಣುಮಗಳ ಬಾಯಲ್ಲೂ ಕೇಳಿದ್ದೇನೆ. "ನೋಡ್ರಿ ಅಕ್ಕೋರೆ, ಡಾಕ್ಟರ್ ಈಗ ಹೇಳೋದನ್ನ ನಮ್ಮ ಹಿರೇರು ಎಂದೋ ಮಾಡಿಟ್ಟಿದ್ರು. ಮುಟ್ಟಬ್ಯಾಡ್ರಿ, ದೂರ ನಿಲ್ರಿ, ಕೈಕಾಲು ತೊಳಕೊಂಡು ಒಳಗ ಬರ್ರಿ. ಇದು ನಮ್ಮ ಮಡೀನೇ ಅಲ್ಲೇನ್ರಿ?" ಕೇಳಿದವರೆಲ್ಲ ತಲೆದೂಗುತ್ತಾರೆ. ಹಿರಿಯರನ್ನು ಹೊಗಳುವ ಮಾತಿಗೆ ಯಾರು ತಾನೇ ಎದುರಾಡುತ್ತಾರೆ?

ನಾನು ಎದುರಾಡುತ್ತೇನೆ. ಕೈಕಾಲು ತೊಳೆದು ಒಳಗೆ ಬರುವುದು ಒಳ್ಳೆಯದೇ. ಅಡಿಗೆಮನೆ ಶುಚಿಯಾಗಿರಬೇಕೆಂದು ನನ್ನ ತಾಯಿ ಪಟ್ಟ ಕಷ್ಟ ನನಗೆ ನೆನಪಿದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಮಡಿ ಎಂಬುದು ಕೇಳುವ ಪ್ರಶ್ನೆ ಒಂದೇ ಒಂದು: ಇನ್ನೊಬ್ಬರಿಂದ ನನಗೆ ಏನು ತಾಗೀತು? ಊರಿಗೆ ರೋಗ ಬಂದಾಗ ಕೇಳಿಕೊಳ್ಳಬೇಕಾದದ್ದು ಇದರ ತಿರುವುಮುರುವು: ನನ್ನಿಂದ ಇನ್ನೊಬ್ಬರಿಗೆ ಏನು ತಾಗೀತು? ಮೊದಲನೆಯ ಪ್ರಶ್ನೆ ಕೇಳುವವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಎರಡನೆಯದನ್ನು ಕೇಳುವವಳು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಎರಡೂ ನೋಡಲಿಕ್ಕೆ ಒಂದೇ ತರಹ, ಎರಡರಲ್ಲೂ ಅಂತರವಿದೆ, ಎರಡರಲ್ಲೂ ಎಚ್ಚರವಿದೆ. ಆದರೆ ಮೊದಲನೆಯದರಲ್ಲಿ ಹೊಲಸು ಯಾವಾಗಲೂ ಎದುರಿನವರದು. ತಾನೇ ಹೊಲಸು ಹೊತ್ತು ತಿರುಗುತ್ತಿರಬಹುದು ಎಂಬ ಅನುಮಾನಕ್ಕೆ ಮಡಿಯಲ್ಲಿ ಜಾಗವೇ ಇಲ್ಲ. ಮಡಿ ಉಟ್ಟವಳು ತಾನು ಕೆಮ್ಮಿದ್ದರಿಂದ ಇನ್ನೊಬ್ಬರು ಮೈಲಿಗೆಯಾದರು ಎಂದು ಸ್ನಾನ ಮಾಡಿದ್ದನ್ನು ನೀವು ಯಾರಾದರೂ ನೋಡಿದ್ದೀರಾ?

ಇದು ಬರೀ ಮಾತಿನ ಜಗಳವಲ್ಲ. ನಮ್ಮ ನೆಲದಲ್ಲೇ ಇದರ ಪರೀಕ್ಷೆ ನಡೆದುಹೋಗಿದೆ. ಆ ರೋಗದ ಹೆಸರು ನಾರುಹುಣ್ಣು. ಇವತ್ತಿನ ಇಪ್ಪತ್ತೈದು ವರ್ಷದ ಹುಡುಗಿಯರು ಅದನ್ನು ಕಂಡಿಲ್ಲ, ಹಲವರು ಹೆಸರೂ ಕೇಳಿಲ್ಲ. ಅವರ ಅಜ್ಜಿಯರನ್ನು ಕೇಳಿದರೆ ಕಾಲು ಮುಂದೆ ಚಾಚಿ ಕಲೆ ತೋರಿಸಿಯಾರು. ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಚಿಗಟದಂಥ ಜೀವಿಯೊಂದಿದೆ, ಸೈಕ್ಲೋಪ್ಸ್ ಎನ್ನುತ್ತಾರೆ. ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ಆ ನೀರು ಕುಡಿದರೆ ಏನೂ ಗೊತ್ತಾಗುವುದಿಲ್ಲ. ಸುಮಾರು ಒಂದು ವರ್ಷ ಹುಳ ಮೈಯೊಳಗೇ ಬೆಳೆದು, ಗಜದುದ್ದವಾಗಿ, ಹೆಚ್ಚಾಗಿ ಮೊಣಕಾಲ ಕೆಳಗೆ ಗುಳ್ಳೆ ಎಬ್ಬಿಸಿ ಹೊರಗೆ ಬರುತ್ತದೆ. ಕೆಂಡ ಇಟ್ಟಂಥ ಉರಿ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಎಳೆಯಬೇಕು, ಅವಸರ ಮಾಡಿದರೆ ಹರಿದು ಒಳಗೇ ಕೀವಾಗುತ್ತದೆ. ವಾರಗಟ್ಟಲೆ ಮನುಷ್ಯ ಮಂಚ ಬಿಟ್ಟು ಏಳುವಂತಿಲ್ಲ. ಬಿತ್ತುವ ಕಾಲಕ್ಕೇ ಬಂದರೆ ಆ ವರ್ಷ ಹೊಲ ಬೀಳು. ಒಮ್ಮೆ ಬಂದರೆ ಮತ್ತೆ ಬಾರದು ಎಂಬ ಭರವಸೆಯೂ ಇಲ್ಲ.

ಇನ್ನು ಕೇಳಿ. ಆ ಉರಿ ತಣ್ಣಗಾಗುವುದು ನೀರಿನಲ್ಲಿ ಕಾಲಿಟ್ಟರೆ. ಕಾಲು ನೀರಿಗೆ ಬಿದ್ದ ಕೂಡಲೆ ಹುಳ ಸಾವಿರಾರು ಮರಿಗಳನ್ನು ಅಲ್ಲಿ ಬಿಡುತ್ತದೆ. ನಮ್ಮ ಕಡೆ ಊರೂರಿಗೂ ಪಾವಟಿಗೆ ಇಳಿದು ನೀರು ತುಂಬುವ ಬಾವಿಗಳಿದ್ದವು. ಹುಣ್ಣಿನ ಕಾಲಿನವನು ಎರಡು ಪಾವಟಿಗೆ ಇಳಿದು ಒಂದು ಗಳಿಗೆ ಕಾಲು ಅದ್ದಿ ನಿಂತರೆ ಸಾಕು, ಮುಂದಿನ ವರ್ಷ ಆ ನೀರು ಕುಡಿದ ಓಣಿಗೆ ಓಣಿಯೇ ಮಂಚ ಹಿಡಿಯುತ್ತಿತ್ತು. ಇಷ್ಟು ನೇರವಾಗಿ ಒಬ್ಬರ ನಡತೆ ಇನ್ನೊಬ್ಬರ ಕಾಲಿಗೆ ಬರುವ ರೋಗ ಇನ್ನೊಂದಿಲ್ಲ.

ಈಗ ಮಡಿಯ ಮಾತು. ಆ ಪಾವಟಿಗೆಯನ್ನು ಯಾರು ಇಳಿಯಬಹುದಿತ್ತು, ಯಾರು ಇಳಿಯುವಂತಿರಲಿಲ್ಲ? ಚಿಕ್ಕವಳಿದ್ದಾಗ ನಾನು ಕಂಡ ಬಾವಿಯಲ್ಲಿ ಕೇರಿಯ ಹೆಣ್ಣುಮಕ್ಕಳು ಮೇಲೆ ಬಿಸಿಲಲ್ಲಿ ಕೊಡ ಇಟ್ಟುಕೊಂಡು ಕೂಡುತ್ತಿದ್ದರು. ಮೇಲ್ಜಾತಿಯವರು ಯಾರಾದರೂ ಮನಸ್ಸು ಮಾಡಿ ಎತ್ತರದಿಂದ ನೀರು ಸುರಿಯಬೇಕು. ಅವರು ಇಳಿದರೆ ಬಾವಿ ಕೆಟ್ಟಿತು ಎಂದು ಊರೆಲ್ಲ ಗದ್ದಲ. ಆದರೆ ದೊಡ್ಡ ಮನೆಯ ಯಜಮಾನರು ನಾರು ಜೋತಾಡುವ ಕಾಲನ್ನು ಅದೇ ನೀರಿನಲ್ಲಿ ಅದ್ದಿ "ಹಾ" ಎಂದು ನಿಟ್ಟುಸಿರು ಬಿಟ್ಟರೆ ಬಾವಿ ಕೆಡುತ್ತಿರಲಿಲ್ಲ. ಹುಣ್ಣಿಲ್ಲದ ಶುದ್ಧ ಕಾಲು ಮೇಲೆ, ಹುಣ್ಣಿನ ಕಾಲು ನೀರಿನಲ್ಲಿ. ಇದು ನಮ್ಮ ಹಿರಿಯರು ಮಾಡಿಟ್ಟ ಆರೋಗ್ಯಶಾಸ್ತ್ರ! ಬಾವಿಯನ್ನು ನೂರಾರು ವರ್ಷ ಕಾದ ಮಡಿಗೆ ಒಂದು ಹುಳವನ್ನು ತಡೆಯಲಿಕ್ಕೆ ಆಗಲಿಲ್ಲ. ಯಾಕೆಂದರೆ ಅದು ಕಾದದ್ದು ನೀರನ್ನಲ್ಲ, ಪಾವಟಿಗೆಯನ್ನು.

ಆ ರೋಗ ಹೋದದ್ದು ಹೇಗೆ ಎಂಬುದನ್ನು ನಾವು ಶಾಲೆಯಲ್ಲಿ ಮಕ್ಕಳಿಗೆ ಕಲಿಸಬೇಕಿತ್ತು, ಕಲಿಸಲಿಲ್ಲ. ನಾರುಹುಣ್ಣಿಗೆ ಲಸಿಕೆ ಇರಲಿಲ್ಲ, ಈಗಲೂ ಇಲ್ಲ. ಗುಣಪಡಿಸುವ ಗುಳಿಗೆಯೂ ಇಲ್ಲ. 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾದಾಗ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಏಳು ರಾಜ್ಯಗಳಲ್ಲಿ ಇದ್ದ ರೋಗ, ಕರ್ನಾಟಕದಲ್ಲಿ ನಮ್ಮ ರಾಯಚೂರಿನಂಥ ಉತ್ತರದ ಒಣ ಜಿಲ್ಲೆಗಳದು. ಕೈಪಂಪು ಬಂದವು, ಪಾವಟಿಗೆ ಮುಚ್ಚಿ ಬಾವಿಗೆ ಕಟ್ಟೆ ಕಟ್ಟಿ ಗಡಗಡಿ ಹಾಕಿದರು, ನೀರಿಗೆ ಔಷಧ ಬಿಟ್ಟರು. ಅದು ಸರಕಾರದ ಪಾಲು, ಅದನ್ನು ಕಡಿಮೆ ಮಾಡಿ ಹೇಳಬಾರದು. ಉಳಿದ ಪಾಲು ಎರಡು ನಡತೆಗಳದು. ಒಂದು, ಹುಣ್ಣಿನ ಕಾಲಿನವರು ನೀರಿಗಿಳಿಯದೆ ಉರಿ ಸಹಿಸಿಕೊಂಡು ದಂಡೆಯ ಮೇಲೆ ಕೂತದ್ದು. ಇನ್ನೊಂದು, ಮನೆಯ ಹೆಂಗಸು ಹರವಿಯ ಬಾಯಿಗೆ ಬಟ್ಟೆ ಮಡಚಿ ಹಾಕಿ ಕೊಡಕೊಡವನ್ನೂ ಸೋಸಿದ್ದು. 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ದೇಶದ ಕೊನೆಯ ರೋಗಿ. 2000ದ ಫೆಬ್ರವರಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು.

ಆ ದಂಡೆಯ ಮೇಲೆ ಕೂತವನನ್ನು ಸ್ವಲ್ಪ ನೆನೆಯಿರಿ. ನೀರಿಗಿಳಿದರೆ ಅವನಿಗೆ ಸುಖ. ಇಳಿಯದಿದ್ದರೆ ಅವನಿಗೆ ಯಾವ ಲಾಭವೂ ಇಲ್ಲ, ರೋಗ ಅವನಿಗೆ ಆಗಲೇ ಬಂದಾಗಿದೆ. ಲಾಭ ಪೂರಾ ಬೇರೆಯವರದು, ಅದೂ ಮುಂದಿನ ವರ್ಷಕ್ಕೆ. ಆದರೂ ಇಳಿಯಲಿಲ್ಲ. ಪೊಲೀಸರು ಪ್ರತಿ ಬಾವಿಗೂ ಕಾವಲಿರಲಿಲ್ಲ. ಹುಳ ಅಕ್ಷರ ಓದಿದವರನ್ನು ಬಿಟ್ಟು ಓದದವರನ್ನೇ ಹಿಡಿಯುತ್ತಿತ್ತು ಎಂದೂ ಇಲ್ಲ. ಆದರೆ ಸೋಸುವ ಕೆಲಸ ಮಾಡಿದವರಲ್ಲಿ ಬಹಳ ಜನ ಹೆಬ್ಬೆಟ್ಟಿನವರು ಎಂಬುದಂತೂ ನಮ್ಮ ಭಾಗದವರಿಗೆ ಗೊತ್ತು.

ಇದನ್ನು ಹೇಳುವಾಗ ನನಗೆ ಮಸ್ಕಿಯ ಗುಡ್ಡ ನೆನಪಾಗುತ್ತದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕುತ್ತ ಬಂದು ಬಂಡೆಯ ಮೇಲಿನ ಬರಹ ಕಂಡ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇರುವ ಶಾಸನ ಮೊದಲು ಸಿಕ್ಕಿದ್ದು ಅಲ್ಲೇ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಹೆಸರಿನ ಕತೆ ಹೇಳಿ ವಾಪಸು ಬರುತ್ತೇವೆ. ಅಲ್ಲಿ ಬರೆದದ್ದೇನು ಎಂದು ಹೇಳುವುದಿಲ್ಲ. ಧರ್ಮದ ಗುರಿ ಮುಟ್ಟುವುದು ದೊಡ್ಡವರಿಗೆ ಮಾತ್ರ ಎಂದು ಎಣಿಸಬೇಡಿ, ಸಣ್ಣವನೂ ನಡೆದುಕೊಂಡರೆ ಮುಟ್ಟಬಲ್ಲ, ಇಬ್ಬರಿಗೂ ಇದನ್ನು ತಿಳಿಸಿ ಎಂಬುದು ಅದರ ತಾತ್ಪರ್ಯ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅವನ ದೊಡ್ಡ ಶಾಸನಗಳಿವೆ. ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆ, ಗಿಡಮೂಲಿಕೆ, ದಾರಿಗುಂಟ ಬಾವಿ ಎಂದು ಅವುಗಳಲ್ಲಿ ಒಂದು ಹೇಳುತ್ತದೆ. ಇನ್ನೊಂದರಲ್ಲಿ ರಾಜರು ನಮ್ಮ ಮೇಲೆ ಹರಿಹಾಯ್ದಿದ್ದಾರೆ. ಕಾಯಿಲೆ, ಮದುವೆ, ಹೆರಿಗೆ ಬಂದಾಗ ಹೆಂಗಸರು ಹುರುಳಿಲ್ಲದ ಹತ್ತೆಂಟು ಮಂಗಲಕಾರ್ಯ ಮಾಡುತ್ತಾರೆ, ಅದರಿಂದ ಫಲ ಕಡಿಮೆ ಎಂದು ಅವರ ದೂರು. ಇರಲಿ ಮಹಾರಾಜರೇ, ಅರ್ಧ ಒಪ್ಪಿದೆ. ಆದರೆ ದಿನಾ ಬೆಳಿಗ್ಗೆ ಯಾರೂ ನೋಡದಾಗ ಬಟ್ಟೆ ಮಡಚಿ ನೀರು ಸೋಸಿದ್ದು ಯಾವ ಲೆಕ್ಕಕ್ಕೆ? ಅದಕ್ಕೆ ಯಾರೂ ಬಂಡೆ ಕೆತ್ತಲಿಲ್ಲ.

ಹೆಂಗಸರ ಮಂಗಲಕಾರ್ಯದ ಮಾತು ಬಂತು, ಹಾಗಾಗಿ ಊರಮ್ಮನ ಮಾತನ್ನೂ ಆಡಿಬಿಡುತ್ತೇನೆ. ಊರಲ್ಲಿ ಬೇನೆ ಬಂದಾಗ ಹೊರಬೀಡು ಬಿಡುವ ಪದ್ಧತಿ ನಮ್ಮ ಭಾಗದ ಹಳ್ಳಿಗಳಲ್ಲಿದೆ. ಮನೆಗೆ ಬೀಗ ಹಾಕಿ, ಊರು ಖಾಲಿ ಮಾಡಿ, ಹೊಲದಲ್ಲಿ ಅಡಿಗೆ ಮಾಡಿ ಉಣ್ಣುವುದು. ಓದಿದವರು ನಗುತ್ತಾರೆ, ನನಗೆ ನಗು ಬರುವುದಿಲ್ಲ. ಪ್ಲೇಗಿನ ಕಾಲದಲ್ಲಿ ಇಲಿ ಬಿದ್ದ ಮನೆ ಬಿಟ್ಟು ಬಯಲಿಗೆ ಹೋಗಿ ಗುಡಿಸಲು ಹಾಕಿದವರೇ ಬದುಕಿದರು. ಅದರಲ್ಲಿ ಎಲ್ಲರೂ ಕೂಡಿ ಹೋಗುತ್ತಾರೆ, ಗೌಡನ ಮನೆಗೂ ಬೀಗ, ಕೂಲಿಯವನ ಮನೆಗೂ ಬೀಗ. ಆದರೆ ಇದರ ಜೊತೆಗೇ ಇನ್ನೊಂದು ಪದ್ಧತಿ ಇದೆ. ಅಮ್ಮನನ್ನು ಸಣ್ಣ ಬಂಡಿಯಲ್ಲಿ ಕೂಡಿಸಿ, ಬೇವು, ಹಸಿರು ಬಳೆ, ಎಡೆ ಇಟ್ಟು, ಹಲಗೆ ಬಾರಿಸಿಕೊಂಡು ಹೋಗಿ ಊರ ಸೀಮೆ ದಾಟಿಸಿ, ತಿರುಗಿ ನೋಡದೆ ಬರುವುದು. ಅಂದರೆ ಬೇನೆ ಮುಂದಿನ ಊರಿಗೆ ಹೋಗಲಿ. ಅವರು ಮಾರನೆಯ ವಾರ ಅದರಾಚೆಯ ಊರಿಗೆ. ದೇವಿಯ ಬಗ್ಗೆ ನನ್ನ ತಕರಾರಿಲ್ಲ. ಮುಂದಿನ ಊರಲ್ಲಿ ನಮ್ಮ ಮಗಳನ್ನೇ ಕೊಟ್ಟಿರುತ್ತೇವಲ್ಲ, ಆ ಬಗ್ಗೆ ತಕರಾರು.

2020ರಲ್ಲಿ ನಾವು ಪೇಟೆಯವರು ಮಾಡಿದ್ದು ಇದನ್ನೇ. ದೇಶದಲ್ಲಿ ಕೊರೋನಾದ ಮೊದಲ ಸಾವು ಮಾರ್ಚ್ 10ರಂದು ಪಕ್ಕದ ಕಲಬುರಗಿಯಲ್ಲಿ ಆಯಿತು, ತೀರಿಕೊಂಡ ಹಿರಿಯರು ವಿದೇಶದಿಂದ ಮರಳಿದ್ದವರು. ರೋಗ ವಿಮಾನದಲ್ಲಿ ಬಂತು. ಬೈಗುಳ ತಿಂದವರು ನಡೆದುಬಂದವರು. ನಮ್ಮ ಮಸ್ಕಿ, ಲಿಂಗಸುಗೂರು, ಸಿಂಧನೂರು ಕಡೆಯಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಬೆಂಗಳೂರಿಗೆ, ಪುಣೆಗೆ ಗುಳೆ ಹೋದವರೇ ಅವರು. ಲಾಕ್‌ಡೌನ್ ಆದ ಮೇಲೆ ಬೆಂಗಳೂರಿನಿಂದ ನಡೆದು ಹೊರಟ ಸಿಂಧನೂರು ತಾಲೂಕಿನ ಒಬ್ಬ ಕೂಲಿ ಹೆಣ್ಣುಮಗಳು ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲೇ ತೀರಿಕೊಂಡಳು, ಊರು ಮುಟ್ಟಲಿಲ್ಲ. ಪತ್ರಿಕೆಯಲ್ಲಿ ಓದಿ "ಪಾಪ" ಎಂದೆವು. ಅದೇ ವಾರ ಊರೂರ ರಸ್ತೆಗೆ ಜಾಲಿಮುಳ್ಳು ಬಡಿದರು, ಕೆಲವು ಕಡೆ ದಾರಿಯನ್ನೇ ಅಗೆದರು. ಬಂದವರಿಗೆ ಹದಿನಾಲ್ಕು ದಿನ ಇರಲಿಕ್ಕೆ ಜಾಗ, ನೀರು, ಊಟ ಕೊಟ್ಟು ದೂರ ಇಡುವುದು ಬೇರೆ. ಮುಳ್ಳು ಬಡಿಯುವುದು ಬೇರೆ. ಮೊದಲನೆಯದು ರೋಗಕ್ಕೆ ತಡೆ, ಎರಡನೆಯದು ಮಡಿ.

ಮಡಿಯ ಫಲ ಏನಾಯಿತು? ಜನ ಜ್ವರ ಮುಚ್ಚಿಟ್ಟರು. ನಮ್ಮ ಓಣಿಯಲ್ಲೇ ಒಂದು ಮನೆಗೆ ಸೀಲ್‌ಡೌನ್ ಎಂದು ಬೋರ್ಡು ಬಿದ್ದಾಗ ಹಾಲಿನವನು ಆ ಬಾಗಿಲಿಗೆ ಹೋಗುವುದನ್ನು ನಿಲ್ಲಿಸಿದ. ಅವನಿಗೆ ಹಾಗೆ ಹೇಳಿದವರು ಉಳಿದ ಮನೆಯವರು. ರೋಗ ಬಂದವರ ಮಗಳ ನಿಶ್ಚಯ ಮುಂದೆ ಹೋಯಿತು, ಆಮೇಲೆ ಮುರಿದೇ ಹೋಯಿತು. ಇದನ್ನೆಲ್ಲ ಕಂಡ ಮುಂದಿನ ಮನೆಯಾಕೆ ತನ್ನ ಗಂಡನಿಗೆ ಕೆಮ್ಮು ಬಂದಾಗ ಟೆಸ್ಟಿಗೆ ಕಳಿಸಿಯಾಳೆ? ಕಷಾಯ ಕುಡಿಸಿ ಅಂಗಡಿಗೆ ಕಳಿಸಿದಳು. ಎಲ್ಲರೂ ಆಕೆಯನ್ನು ಬೈದರು, "ಎಷ್ಟು ಜನರಿಗೆ ಹಚ್ಚಿದಳು ನೋಡ್ರಿ" ಎಂದು. ನಾನು ಬೈಯುವುದಾದರೆ ಓಣಿಯನ್ನು ಬೈಯುತ್ತೇನೆ. ಸತ್ಯ ಹೇಳಿದವರಿಗೆ ಹಾಲು ನಿಲ್ಲಿಸಿದ ಓಣಿಗೆ ಮುಂದಿನವರಿಂದ ಸತ್ಯ ಕೇಳುವ ಹಕ್ಕಿಲ್ಲ. ಆ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಕೊರೋನಾದಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆಯುವ ವಿಡಿಯೋ ಹೊರಬಂತು, ಜಿಲ್ಲಾಡಳಿತ ಕ್ಷಮೆ ಕೇಳಿತು. ಅದನ್ನು ನೋಡಿದ ಯಾವ ಹೆಂಡತಿ, ಯಾವ ತಾಯಿ ತನ್ನವರನ್ನು ಮುಂಚೆಯೇ ದವಾಖಾನೆಗೆ ಒಯ್ದಾಳು?

ಇಲ್ಲಿಗೆ ಇನ್ನೊಂದು ಗುಂಪಿನವರು ಎದ್ದು ನಿಲ್ಲುತ್ತಾರೆ. "ಮೌಲ್ಯ ಗೀಲ್ಯ ಬಿಡ್ರಿ ಮೇಡಂ, ನಮ್ಮ ಜನಕ್ಕ ಲಾಠೀನೇ ಬೇಕು." ಲಾಠಿಯ ಚರಿತ್ರೆಯೂ ನಮ್ಮಲ್ಲಿದೆ. 1897ರಲ್ಲಿ ಮುಂಬಯಿಯ ಪ್ಲೇಗಿಗಾಗಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಪುಣೆಯಲ್ಲಿ ಸಿಪಾಯಿಗಳು ಮನೆಗೆ ನುಗ್ಗಿ ಹೆಂಗಸರ ಮೈ ತಪಾಸಣೆ ಮಾಡಿದರು. ಜನ ರೋಗಿಗಳನ್ನು ಅಡಗಿಸಿದರು, ಹೆಣಗಳನ್ನೂ ಅಡಗಿಸಿದರು. ಆ ವರ್ಷ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟಿಗೆ ಗುರಿಯಾದ. 2020ರಲ್ಲಿ ಲಾಕ್‌ಡೌನ್‌ಗೆ ಕೈಗೆ ಸಿಕ್ಕಿದ್ದರಲ್ಲಿ ಅದೇ ಕಾಯ್ದೆಯೂ ಇತ್ತು. ಔಷಧ ತರಲು ಹೊರಬಿದ್ದವರಿಗೂ ಪೆಟ್ಟು ಬಿದ್ದವು. ಪೆಟ್ಟು ತಿಂದವನು ಪೊಲೀಸರನ್ನು ತಪ್ಪಿಸುವುದನ್ನು ಕಲಿಯುತ್ತಾನೆ, ಪಕ್ಕದವರಿಗೆ ರೋಗ ತಪ್ಪಿಸುವುದನ್ನಲ್ಲ. ಮಾಸ್ಕು ಗದ್ದದ ಮೇಲೆ ಇಳಿದು ಪೊಲೀಸ್ ಜೀಪು ಕಂಡಾಗ ಮಾತ್ರ ಮೂಗಿಗೇರುತ್ತಿದ್ದದ್ದನ್ನು ನಾವೆಲ್ಲ ನೋಡಿಲ್ಲವೆ?

ಲಾಠಿ ಯಾರ ಮೇಲೆ ಬೀಳುತ್ತದೆ, ಯಾರ ಮೇಲೆ ಬೀಳುವುದಿಲ್ಲ ಎಂಬುದನ್ನೂ ನೋಡಬೇಕು. 2021ರ ಏಪ್ರಿಲ್ 17ರಂದು ಮಸ್ಕಿ ವಿಧಾನಸಭೆಗೆ ಉಪಚುನಾವಣೆ. ಅದೇ ದಿನ ಬಸವಕಲ್ಯಾಣಕ್ಕೂ ಬೆಳಗಾವಿ ಲೋಕಸಭೆಗೂ ಮತದಾನ. ಆ ಎರಡು ಸ್ಥಾನ ತೆರವಾದದ್ದು ಶಾಸಕ ಬಿ. ನಾರಾಯಣರಾವ್ ಮತ್ತು ಕೇಂದ್ರ ಮಂತ್ರಿ ಸುರೇಶ ಅಂಗಡಿ 2020ರ ಸೆಪ್ಟೆಂಬರ್‌ನಲ್ಲಿ ಇದೇ ರೋಗದಿಂದ ತೀರಿಕೊಂಡಿದ್ದರಿಂದ! ಎರಡನೆಯ ಅಲೆ ಏರುತ್ತಿದ್ದ ಹೊತ್ತು. ಮದುವೆಗೆ ಇಷ್ಟೇ ಜನ ಎಂದು ಲೆಕ್ಕ ಹಾಕಿಕೊಟ್ಟವರೇ ಪ್ರಚಾರಕ್ಕೆ ಬಂದರು, ಟ್ರ್ಯಾಕ್ಟರುಗಳಲ್ಲಿ ಜನರನ್ನು ತುಂಬಿಸಿದರು. ಒಂದು ಪಕ್ಷ ಎನ್ನಬೇಡಿ, ಎಲ್ಲರೂ. ಮತದಾನದ ಹಿಂದಿನ ದಿನ ಮುಖ್ಯಮಂತ್ರಿ ಯಡಿಯೂರಪ್ಪನವರಿಗೇ ಎರಡನೆಯ ಸಲ ಸೋಂಕು ಎಂದು ತಿಳಿಯಿತು. ಹತ್ತು ದಿನದಲ್ಲಿ, 27ರ ರಾತ್ರಿಯಿಂದ, ರಾಜ್ಯಕ್ಕೆ ಬೀಗ ಬಿತ್ತು. ಸಣ್ಣವನಿಗೂ ದೊಡ್ಡವನಿಗೂ ಒಂದೇ ಧರ್ಮ ಎಂದು ಬಂಡೆಯ ಮೇಲೆ ಬರೆದ ಊರಿನಲ್ಲಿ ಇದಾಯಿತು.

2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ನಗರಸಭೆ ಬಿಟ್ಟ ನಲ್ಲಿ ನೀರು ಕುಡಿದು ವಾಂತಿಭೇದಿಯಾಗಿ ಹಲವರು ಸತ್ತರು. ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ ಹರಿಯುವ ಊರು. ನೀರು ಸೋಸಬೇಕಾದದ್ದು ಹರವಿಯ ಬಾಯಿಯ ಹೆಂಗಸಲ್ಲ, ಪಗಾರ ತೆಗೆದುಕೊಳ್ಳುವ ವ್ಯವಸ್ಥೆ. ಅಜ್ಜಿಗೆ ಹಳೆಯ ಬಟ್ಟೆಯೊಂದರಿಂದ ಆದ ಕೆಲಸ ಅಷ್ಟು ದೊಡ್ಡ ವ್ಯವಸ್ಥೆಗೆ ಆಗಲಿಲ್ಲ. ಇದಕ್ಕೆ ಯಾವ ಲಾಠಿಯವರೂ ಬಾಯಿ ಬಿಡಲಿಲ್ಲ.

ಇಷ್ಟೆಲ್ಲ ನಡೆಯುವಾಗ ಮನೆಮನೆಗೆ ಹೋದವರು ಆಶಾ ಕಾರ್ಯಕರ್ತೆಯರು. ಜ್ವರ ಯಾರಿಗಿದೆ, ಬಸುರಿ ಎಲ್ಲಿದ್ದಾಳೆ, ಸಕ್ಕರೆ ಕಾಯಿಲೆಯ ಮುದುಕರು ಯಾರು ಎಂದು ಬರೆದುಕೊಂಡವರು. ಬೆಂಗಳೂರಿನಲ್ಲಿ ಅವರ ಮೇಲೆ ಹಲ್ಲೆಯೇ ಆಯಿತು. ನಮ್ಮಂಥ ಕಡೆ ಹಲ್ಲೆ ಬೇರೆ ರೀತಿಯದು, ಗೇಟಿನ ಹೊರಗೆ ನಿಲ್ಲಿಸಿ ಒಂದು ಲೋಟ ನೀರನ್ನೂ ಕೊಡದಿರುವುದು. ಅವರಲ್ಲಿ ಎಷ್ಟೋ ಜನ ಪಾವಟಿಗೆಯ ಮೇಲೆ ಬಿಸಿಲಲ್ಲಿ ಕಾದವರ ಮೊಮ್ಮಕ್ಕಳು ಎಂಬುದು ಗೇಟು ತೆರೆಯದವರಿಗೆ ಚೆನ್ನಾಗಿ ಗೊತ್ತಿತ್ತು. 2020ರ ಜುಲೈ 10ರಿಂದ ರಾಜ್ಯದ 42 ಸಾವಿರ ಆಶಾಗಳು ತಿಂಗಳಿಗೆ 12 ಸಾವಿರ ಗೌರವಧನ ಮತ್ತು ಮಾಸ್ಕು, ಕೈಗವಸು ಬೇಕೆಂದು ಕೆಲಸ ನಿಲ್ಲಿಸಿದರು. ಅವರಿಗಾಗಿ ಚಪ್ಪಾಳೆ ತಟ್ಟಿದ ನಾವು ಆಗ ಎಲ್ಲಿದ್ದೆವು?

ದೊಡ್ಡವರದನ್ನು ಬಿಡಿ, ನಮ್ಮ ಅಡಿಗೆಮನೆಗೆ ಬರೋಣ. ಸಿಂಧನೂರಿನ ಹೊಸ ಬಡಾವಣೆಗಳಲ್ಲಿ ನಾಲ್ಕೈದು ಮನೆಯ ಪಾತ್ರೆ ತೊಳೆಯುವ ಹೆಣ್ಣುಮಕ್ಕಳಿದ್ದಾರೆ. ಹೋದ ಮಳೆಗಾಲದಲ್ಲಿ ಒಬ್ಬಾಕೆ ಕಣ್ಣು ಕೆಂಪಾಗಿ, ನಡುಗುತ್ತ ಬಂದಳು. "ಯಾಕವ್ವಾ ಬಂದಿ?" ಎಂದರೆ, "ಜ್ವರ ಅಂದ್ರ ಎಂಟು ದಿನ ಬರಬ್ಯಾಡ ಅಂತಾರ್ರೀ ಅಕ್ಕೋರೆ, ಆ ಎಂಟು ದಿನದ ರೊಕ್ಕಾನೂ ಹಿಡೀತಾರ. ಅದಕ್ಕ ಗುಳಿಗಿ ನುಂಗಿ ಬಂದೀನಿ" ಎಂದಳು. ಆಕೆಗೆ ಇಟ್ಟ ಲೋಟ ಆ ಮನೆಗಳಲ್ಲಿ ಬೇರೆ. ತಮ್ಮ ಲೋಟಗಳನ್ನೆಲ್ಲ ತೊಳೆಯುವುದು ಆಕೆಯೇ ಎಂಬುದು ಮಾತ್ರ ಮಡಿಯ ಲೆಕ್ಕಕ್ಕೆ ಬಂದಿಲ್ಲ. ಎಂಟು ದಿನ ದೂರ ಇರು ಎಂದು ಹೇಳುವುದು ಸರಿಯೇ. ಆದರೆ ಉರಿಯುವ ಕಾಲನ್ನು ನೀರಿಗೆ ಇಳಿಸಬೇಡ ಎನ್ನುವವರು ಅವನು ದಂಡೆಯ ಮೇಲೆ ಕೂತಿರುವಷ್ಟು ದಿನ ಅವನ ರೊಟ್ಟಿಯನ್ನೂ ನೋಡಿಕೊಳ್ಳಬೇಕಲ್ಲ?

ಲಿಂಗಸುಗೂರಿನ ಗೆಳತಿಯೊಬ್ಬಳು ಇದನ್ನು ಕೇಳಿ, "ಸುಳ್ಳು ಜ್ವರ ಹೇಳಿ ಮನ್ಯಾಗ ಕೂತ್ರ?" ಎಂದಳು. ಕೂಡಲಿ ಬಿಡು ಎಂದೆ. ವರ್ಷಕ್ಕೆ ಎರಡು ಸಲ ಸುಳ್ಳು ಹೇಳಿದರೂ ನಮಗಾಗುವ ನಷ್ಟ ಒಂದು ರವಿಕೆಯ ಹೊಲಿಗೆಯಷ್ಟು. ನಮ್ಮ ಓಣಿಯಲ್ಲಿ ಜ್ವರದ ದಿನದ ಪಗಾರ ಹಿಡಿಯುವುದಿಲ್ಲ ಎಂದು ಏಳು ಮನೆಯವರು ಒಪ್ಪಿದ್ದೇವೆ. ಹನ್ನೊಂದು ಮನೆಯವರು ನೋಡೋಣ ಎಂದಿದ್ದಾರೆ. ಭಜನೆ ಮುಗಿದ ಮೇಲೆ ಈ ಶುಕ್ರವಾರ ಅವರ ಮನೆಗಳಿಗೆ ಮತ್ತೆ ಹೋಗುವುದಿದೆ.